ಕೊನೆಗೆ ಬದಲಾದುದು ಯಜಮಾನರ ಮನಸ್ಸು: ಇಂಟೆಲ್ ಸಂಸ್ಥೆಯ ಒಂದು ಅಧ್ಯಾಯ

ತಂದೆಯ ಕಾಲದಿಂದ ಮಾರುತ್ತ ಬಂದ ಸರಕು ನಷ್ಟ ತರುತ್ತಿದ್ದರೂ ಅದನ್ನು ಕೈಬಿಡಲು ಮನಸ್ಸು ಒಪ್ಪದಿರುವುದು ವರ್ತಕರಿಗೆ ಹೊಸ ಅನುಭವವೇನಲ್ಲ. ಜಗತ್ಪ್ರಸಿದ್ಧ ಇಂಟೆಲ್ ಸಂಸ್ಥೆಯೂ ಈ ಸಂಕಟವನ್ನು ಉಂಡಿದೆ.

1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಗೊಂಡ ಇಂಟೆಲ್, ಮೊದಲಿಗೆ ಹೆಸರು ಗಳಿಸಿದ್ದು ಕಂಪ್ಯೂಟರಿನ ಮೆಮೊರಿ ಚಿಪ್‌ಗಳಿಂದ. 1980ರ ದಶಕದಲ್ಲಿ ಜಪಾನಿನ ತಯಾರಕರು ಹೆಚ್ಚು ಗುಣಮಟ್ಟದ ಚಿಪ್‌ಗಳನ್ನು ಕಡಿಮೆ ಬೆಲೆಗೆ ಒದಗಿಸತೊಡಗಿದಾಗ ಈ ವ್ಯಾಪಾರ ಕುಸಿಯಿತು. 1985ರಲ್ಲಿ ಸಂಸ್ಥೆಯ ಹಿರಿಯ ಆಡಳಿತಗಾರ ಆಂಡಿ ಗ್ರೋವ್, ಸಂಸ್ಥಾಪಕರಲ್ಲೊಬ್ಬರಾದ ಗಾರ್ಡನ್ ಮೂರ್ ಅವರನ್ನು ಒಂದು ಪ್ರಶ್ನೆ ಕೇಳಿದರು: ಆಡಳಿತ ಮಂಡಳಿಯು ನಮ್ಮಿಬ್ಬರನ್ನೂ ಹೊರಗೆ ಕಳುಹಿಸಿ ಹೊಸಬರನ್ನು ನೇಮಿಸಿದರೆ ಅವರೇನು ಮಾಡುವರು? ಮೆಮೊರಿ ಚಿಪ್ ತಯಾರಿಕೆಯನ್ನು ಬಿಡುವರೆಂದು ಮೂರ್ ಕೂಡಲೇ ಉತ್ತರಿಸಿದರು. ಹಾಗಿದ್ದರೆ ಆ ಕೆಲಸವನ್ನು ನಾವೇ ಏಕೆ ಮಾಡಬಾರದೆಂದು ಗ್ರೋವ್ ಕೇಳಿದರು.

ಈ ಪ್ರಸಂಗ ಬಹುಮಂದಿಗೆ ತಿಳಿದಿದೆ. ಅನಂತರದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ನಮಗೆ ಹೆಚ್ಚು ಉಪಯುಕ್ತವಾದುದು ಅದೇ. ನಿರ್ಧಾರವನ್ನು ಸಹೋದ್ಯೋಗಿಗಳ ಮುಂದೆ ಬಾಯಿಬಿಟ್ಟು ಹೇಳುವುದೇ ಗ್ರೋವ್ ಅವರಿಗೆ ಕಷ್ಟವಾಯಿತು. ಮಾರಾಟ ಮಾಡುವುದಿಲ್ಲವೆಂದು ತೀರ್ಮಾನಿಸಿದ್ದ ಚಿಪ್‌ನ ಸಂಶೋಧನೆ ಮುಂದುವರಿಯಲು ಅವರೇ ಕೆಲಕಾಲ ಒಪ್ಪಿಗೆ ಕೊಟ್ಟಿದ್ದರು! ಇತ್ತ ಕಾರ್ಖಾನೆಯಲ್ಲಿ, ಹೆಚ್ಚು ಲಾಭ ತರುವ ಸರಕಿಗೆ ಹೆಚ್ಚು ಉತ್ಪಾದನಾ ಸಾಮರ್ಥ್ಯವೆಂಬ ನಿಯಮದಂತೆ, ಕೆಳಹಂತದ ವ್ಯವಸ್ಥಾಪಕರು ಮೈಕ್ರೋಪ್ರೊಸೆಸರ್‌ಗಳತ್ತ ಆಗಲೇ ಹೊರಳಿದ್ದರು. ಮೇಲಿನವರು ಒಪ್ಪಿದ್ದು ಆಮೇಲೆ. ಗಿರಾಕಿಗಳು ಮುನಿಸಿಕೊಳ್ಳುವರೆಂಬ ಭಯವೂ ಹುಸಿಯಾಯಿತು. ಬಹಳ ತಡಮಾಡಿದಿರಿ ಎಂದವರೂ ಇದ್ದರು.

ತಡಮಾಡಿದ್ದಕ್ಕೆ ಬೆಲೆ ತೆರಬೇಕಾಯಿತು. 1986ರಲ್ಲಿ ಸಂಸ್ಥೆಗೆ 17 ಕೋಟಿ ಡಾಲರಿಗೂ ಮಿಕ್ಕ ನಷ್ಟವಾಯಿತು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಗ್ರೋವ್ ಅವರ ಸ್ಥೈರ್ಯವನ್ನು ಕೊಂಡಾಡುವ ಲೇಖನಗಳು ಇದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುವುದು ಸರಿಯಲ್ಲ.

ಇನ್ನು ಐದು ವರ್ಷಗಳಲ್ಲಿ ನಮ್ಮ ಹಿರಿಯ ಅಧಿಕಾರಿಗಳಲ್ಲಿ ಅರ್ಧದಷ್ಟು ಮಂದಿ ಸಾಫ್ಟ್‌ವೇರ್ ಬಲ್ಲವರಾಗಿರಬೇಕೆಂದು ಮೂರ್ ಒಮ್ಮೆ ಸಭೆಯಲ್ಲಿ ನುಡಿದರು. ಕುಳಿತವರು ಕಲಿಯಬೇಕು, ಇಲ್ಲವೇ ಸ್ಥಾನ ಬಿಡಬೇಕು ಎಂಬುದು ಅದರ ಅರ್ಥ. ಚಿಪ್ ತಯಾರಿಕೆಯಲ್ಲಿ ಪಳಗಿದ್ದ ಗ್ರೋವ್ ಅವರಿಗೆ ಸಾಫ್ಟ್‌ವೇರ್ ವ್ಯವಹಾರದ ಪರಿಚಯ ಸಾಲದಾಗಿತ್ತು. ಅವರು ಆ ಕ್ಷೇತ್ರದ ಸಂಸ್ಥೆಗಳ ಮುಖ್ಯಸ್ಥರನ್ನು ಕಂಡು, ತಮಗೆ ತಿಳಿಯದೆಂದು ಒಪ್ಪಿಕೊಂಡು, ಪಾಠ ಹೇಳಿಸಿಕೊಂಡರು. ಸಹೋದ್ಯೋಗಿಗಳಲ್ಲಿ ಕೆಲವರು ಹಾಗೆಯೇ ಕಲಿತರು. ಕೆಲವರು ಸಂಸ್ಥೆಯನ್ನು ಬಿಟ್ಟರು. 1992ರ ವೇಳೆಗೆ ಇಂಟೆಲ್ ಜಗತ್ತಿನ ಅತಿ ದೊಡ್ಡ ಸೆಮಿಕಂಡಕ್ಟರ್ ತಯಾರಕ ಸಂಸ್ಥೆಯಾಗಿತ್ತು.