ನಕ್ಷತ್ರಗಳ ಬಾಣಂತಿ ಕೋಣೆ

ಜೂನ್ ಬಂತೆಂದರೆ ರೈತರ ಬಾಯಲ್ಲಿ ಎರಡು ಮಳೆಗಳ ಹೆಸರು ಒಂದರ ಬೆನ್ನಿಗೊಂದು ಕೇಳಿಸುತ್ತವೆ: ಮೃಗಶಿರ, ಆರಿದ್ರಾ. ಸೂರ್ಯ ಆ ನಕ್ಷತ್ರಗಳ ದಿಕ್ಕಿನಲ್ಲಿರುವ ದಿನಗಳಿಗೆ ಬಂದ ಹೆಸರುಗಳಿವು. ಸೂರ್ಯನೇ ಅತ್ತ ಇರುವುದರಿಂದ ಆಗ ಅವು ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳು ಕಳೆದು ಡಿಸೆಂಬರಿನ ಚಳಿ ಹಿಡಿದಾಗ, ಕತ್ತಲಾಗುತ್ತಲೇ ಪೂರ್ವದಲ್ಲಿ ಮೇಲೇಳುತ್ತವೆ. ಎರಡೂ ಇರುವುದು ಮಹಾವ್ಯಾಧ, ಅಂದರೆ ಓರಿಯಾನ್ ನಕ್ಷತ್ರಪುಂಜದಲ್ಲಿ. ಅದರ ನಡುವಿನ ಮೂರು ಚುಕ್ಕಿಗಳ ಸಾಲನ್ನು ಗುರುತಿಸದವರು ಕಡಿಮೆ. ಆ ಸಾಲಿನ ದಕ್ಷಿಣಕ್ಕೆ, ಬೇಟೆಗಾರನ ಸೊಂಟದ ಕತ್ತಿ ಎನ್ನುವ ಜಾಗದಲ್ಲಿ, ಒಂದು ಚುಕ್ಕಿ ಮಾತ್ರ ಮಂಜು ಕವಿದ ದೀಪದಂತೆ ಮಸುಕಾಗಿದೆ. ಅದೇ ಓರಿಯಾನ್ ನೀಹಾರಿಕೆ.

ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿರುವ ಇದರ ಅಗಲ 24 ಜ್ಯೋತಿರ್ವರ್ಷದಷ್ಟು. ಇಂದು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು. 1617ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಇದರತ್ತ ತಿರುಗಿಸಿ, ನಟ್ಟನಡುವೆ ಒತ್ತೊತ್ತಾಗಿ ಕುಳಿತ ಮೂರು ನಕ್ಷತ್ರಗಳನ್ನು ಗುರುತು ಹಾಕಿಕೊಂಡ. ಸುತ್ತಲಿನ ಮಸುಕಿನ ಬಗ್ಗೆ ಏನನ್ನೂ ಬರೆಯಲಿಲ್ಲ. ಆ ಮಸುಕು ನಿಜಕ್ಕೂ ಅನಿಲ ಎಂಬುದು ಖಚಿತವಾದದ್ದು 1860ರ ದಶಕದಲ್ಲಿ, ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಅದರ ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದಾಗ.

ಚಿತ್ರಗಳಲ್ಲಿ ಕೆಂಪಾಗಿ ಹೊಳೆಯುವ ಈ ಅನಿಲವನ್ನೇ ನಕ್ಷತ್ರಗಳು ಹುಟ್ಟುವ ಜಾಗವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಹೊಳೆಯುವುದು ಒಂದು ದೊಡ್ಡ ಕಪ್ಪು ಮೋಡದ ಮುಂಭಾಗ ಮಾತ್ರ. ಈಗಿನ ಹೆರಿಗೆಗಳೆಲ್ಲ ನಡೆಯುತ್ತಿರುವುದು ಅದರ ಹಿಂದೆ, ಬೆಳಕು ಹೊಗದ ಕಡೆ. ನಮ್ಮ ಹಳೆಯ ಮನೆಗಳ ಬಾಣಂತಿ ಕೋಣೆಯಲ್ಲಿ ಕತ್ತಲೂ ಇರುತ್ತಿತ್ತು, ಬೆಚ್ಚಗಿನ ಕಾವೂ ಇರುತ್ತಿತ್ತು. ನಕ್ಷತ್ರದ ಬಾಣಂತಿ ಕೋಣೆಯಲ್ಲಿ ಇರುವುದು ಕತ್ತಲು ಮಾತ್ರ. ಅಲ್ಲಿನ ಉಷ್ಣತೆ ಸೊನ್ನೆಗಿಂತ ಸುಮಾರು 260 ಡಿಗ್ರಿ ಸೆಲ್ಸಿಯಸ್ ಕೆಳಗೆ.

ಈ ಕೊರೆಯುವ ಚಳಿಯೇ ಹುಟ್ಟಿಗೆ ಬೇಕಾದ ಮೊದಲ ಸಂಗತಿ. ಅನಿಲ ಬಿಸಿಯಾಗಿದ್ದರೆ ಅದರ ಕಣಗಳು ಚಿಮ್ಮುತ್ತ ಒಂದನ್ನೊಂದು ದೂರ ತಳ್ಳುತ್ತವೆ. ತಣ್ಣಗಾದಷ್ಟೂ ಆ ತಳ್ಳಾಟ ಸೋಲುತ್ತದೆ, ಗುರುತ್ವದ ಎಳೆತ ಗೆಲ್ಲುತ್ತದೆ. ಎಷ್ಟು ರಾಶಿ, ಎಷ್ಟು ತಂಪು ಇದ್ದರೆ ಮೋಡ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ ಎಂಬ ಲೆಕ್ಕವನ್ನು 1902ರಲ್ಲಿ ಜೇಮ್ಸ್ ಜೀನ್ಸ್ ಮಂಡಿಸಿದರು. ಕುಸಿಯಲಿರುವ ದಟ್ಟ ಗಂಟಿನಲ್ಲಿಯೂ ಒಂದು ಘನ ಸೆಂಟಿಮೀಟರಿಗೆ ಸಿಗುವುದು ಹೆಚ್ಚೆಂದರೆ ಕೆಲವು ಲಕ್ಷ ಅಣುಗಳು. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿರುವ ಅಣುಗಳನ್ನು ಬರೆಯಲು 25ರ ಮುಂದೆ 18 ಸೊನ್ನೆ ಹಾಕಬೇಕು. ಅಷ್ಟು ತೆಳುವಾದದ್ದರಿಂದ ಒಂದು ಸೂರ್ಯ ಮೂಡುವುದು ಎಂದರೆ ಎಷ್ಟು ದೂರದಿಂದ ಎಷ್ಟೊಂದು ಅನಿಲ ಒಳಕ್ಕೆ ಬಂದು ಬೀಳಬೇಕು!

ಬೀಳುವ ಅನಿಲ ನೇರವಾಗಿ ಬೀಳುವುದಿಲ್ಲ. ಕೈ ಚಾಚಿ ಗಿರಗಿರ ಸುತ್ತುವ ಹುಡುಗಿ ಕೈಗಳನ್ನು ಎದೆಗೆ ತಂದುಕೊಂಡರೆ ವೇಗ ಏರುವಂತೆ, ಕುಗ್ಗಿದಷ್ಟೂ ಮೋಡದ ತಿರುಗಾಟ ಜೋರಾಗುತ್ತದೆ. ನಡುವೆ ಭ್ರೂಣತಾರೆ, ಸುತ್ತ ಚಪ್ಪಟೆಯಾದ ತಟ್ಟೆ. ಒಂದಿಷ್ಟು ಅನಿಲ ಎರಡೂ ಧ್ರುವಗಳಿಂದ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹೊರಚಿಮ್ಮುತ್ತದೆ. ತಟ್ಟೆಯಲ್ಲಿ ಉಳಿದ ದೂಳು, ಅನಿಲಗಳೇ ಮುಂದೆ ಗ್ರಹಗಳಾಗುತ್ತವೆ. 1990ರ ದಶಕದಲ್ಲಿ ಹಬಲ್ ದೂರದರ್ಶಕ ಓರಿಯಾನ್ ನೀಹಾರಿಕೆಯಲ್ಲೇ ಇಂಥ ತಟ್ಟೆಗಳನ್ನು ತೋರಿಸಿತು. ಕೆಲವಕ್ಕೆ ಬಾಲವೂ ಇದೆ, ನೋಡಲು ಥೇಟ್ ಗೊದಮೊಟ್ಟೆಗಳು. 2014ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕ ವೃಷಭ ರಾಶಿಯ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ತಟ್ಟೆಯನ್ನು ಚಿತ್ರಿಸಿದಾಗ ಅದರಲ್ಲಿ ಕಪ್ಪು ಉಂಗುರಗಳು ಸ್ಪಷ್ಟವಾಗಿ ಕಂಡವು. ಗ್ರಹಗಳು ರೂಪುಗೊಳ್ಳುತ್ತಿರುವ ದಾರಿಗಳು ಅವು ಎಂದು ಹಲವು ವಿಜ್ಞಾನಿಗಳು ಹೇಳುತ್ತಾರೆ.

ಕತ್ತಲೊಳಗಿನ ಇದನ್ನೆಲ್ಲ ನೋಡುವುದು ಹೇಗೆ? ದೂಳು ಮಾಮೂಲಿ ಬೆಳಕನ್ನು ತಡೆಯುತ್ತದೆ, ಶಾಖದ ಕಿರಣಗಳಾದ ಅವಕೆಂಪು ಬೆಳಕನ್ನು ಅಷ್ಟಾಗಿ ತಡೆಯಲಾರದು. 1967ರಲ್ಲಿ ಬೆಕ್ಲಿನ್ ಮತ್ತು ನ್ಯೂಗೆಬೌರ್ ಎಂಬ ಇಬ್ಬರು ವಿಜ್ಞಾನಿಗಳು ನೀಹಾರಿಕೆಯ ಹಿಂದೆ, ಕಣ್ಣಿಗೆ ಸ್ವಲ್ಪವೂ ಕಾಣದ, ಆದರೆ ಅವಕೆಂಪಿನಲ್ಲಿ ಧಗಧಗಿಸುವ ಒಂದು ಕಾಯವನ್ನು ವರದಿ ಮಾಡಿದರು. 2021ರ ಕೊನೆಯಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಇದೇ ಬೆಳಕನ್ನು ಹಿಡಿದು ದೂಳಿನೊಳಗೆ ಇಣುಕುತ್ತಿದೆ.

ಓರಿಯಾನ್ ನೀಹಾರಿಕೆಯ ಮರಿ ನಕ್ಷತ್ರಗಳು ಎರಡು ಸಾವಿರಕ್ಕೂ ಹೆಚ್ಚು. ಹೆಚ್ಚಿನವುಗಳ ವಯಸ್ಸು ಹತ್ತು ಲಕ್ಷ ವರ್ಷದ ಆಸುಪಾಸು. ಒಡಲಿನ ಉಷ್ಣತೆ ಒಂದು ಕೋಟಿ ಡಿಗ್ರಿ ತಲುಪಿದರೆ ಜಲಜನಕ ಬೆಸೆದು ಹೀಲಿಯಂ ಆಗತೊಡಗುತ್ತದೆ. ಸೂರ್ಯನಷ್ಟು ತೂಗುವ ನಕ್ಷತ್ರ ಆ ಉರಿಯ ಮೇಲೆ ನೆಲೆ ನಿಲ್ಲಲು ಸುಮಾರು ಐದು ಕೋಟಿ ವರ್ಷ ಬೇಕು. ಅಂದರೆ ಅಲ್ಲಿನ ಪುಟ್ಟ ಸೂರ್ಯರಲ್ಲಿ ಒಲೆ ಇನ್ನೂ ಸರಿಯಾಗಿ ಹತ್ತಿಲ್ಲ. ಅವು ಹೊಳೆಯುತ್ತಿರುವುದು ಕುಗ್ಗುವಾಗ ಹುಟ್ಟುವ ಬಿಸಿಯಿಂದ.

ದೊಡ್ಡವರ ಕಥೆ ಬೇರೆ. ನಡುವಿನ ಗುಂಪಿನಲ್ಲಿರುವ ಥೀಟಾ-1 ಓರಿಯಾನಿಸ್ ಸಿ ಸೂರ್ಯನ 30 ಪಟ್ಟಿಗೂ ಹೆಚ್ಚು ತೂಗುತ್ತದೆ. ನೀಹಾರಿಕೆ ಬೆಳಗುತ್ತಿರುವುದು ಬಹುಪಾಲು ಇದರ ಅತಿನೇರಳೆ ಕಿರಣಗಳಿಂದಲೇ. ಆದರೆ ಅದೇ ಕಿರಣಗಳು ಹತ್ತಿರದ ಮರಿ ನಕ್ಷತ್ರಗಳ ತಟ್ಟೆಗಳನ್ನು ಕಾಯಿಸಿ ಆವಿ ಮಾಡುತ್ತಿವೆ. ಗೊದಮೊಟ್ಟೆಗಳಿಗೆ ಬಾಲ ಬಂದದ್ದು ಹಾಗೆ. ಬೋಯಿಂಗ್ 747 ವಿಮಾನದೊಳಗೆ ಕೂರಿಸಿದ್ದ ಸೋಫಿಯಾ ದೂರದರ್ಶಕದ ಮಾಹಿತಿಯಿಂದ 2019ರಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಈ ನಕ್ಷತ್ರದಿಂದ ಬೀಸುವ ಗಾಳಿ ಸುತ್ತಲಿನ ಅನಿಲವನ್ನು ಗುಳ್ಳೆಯಂತೆ ಹೊರಕ್ಕೆ ಉಬ್ಬಿಸುತ್ತ, ಅಲ್ಲಿ ಹೊಸ ನಕ್ಷತ್ರಗಳು ಹುಟ್ಟದಂತೆ ಮಾಡುತ್ತಿದೆ. ನಮ್ಮನ್ನು ಸೆಳೆಯುವ ಆ ಚೆಲುವಾದ ಹೊಳಪು, ನಿಜ ಹೇಳಬೇಕೆಂದರೆ, ಹೆರಿಗೆಮನೆ ಬಾಗಿಲು ಮುಚ್ಚುತ್ತಿರುವ ಗುರುತು.

ಇದನ್ನು ನೋಡಲು ವೀಕ್ಷಣಾಲಯವೇನೂ ಬೇಕಿಲ್ಲ. ಫೆಬ್ರವರಿಯ ಮಧ್ಯದಲ್ಲಿ, ಚಂದ್ರನಿಲ್ಲದ ರಾತ್ರಿ ಎಂಟೂವರೆ ಸುಮಾರಿಗೆ ಮಹಾವ್ಯಾಧ ನೆತ್ತಿಯಿಂದ ತುಸು ದಕ್ಷಿಣಕ್ಕಿರುತ್ತಾನೆ. ಮಹಡಿಯ ದೀಪ ಆರಿಸಿ, ಕಣ್ಣು ಕತ್ತಲಿಗೆ ಒಗ್ಗಲು ಹದಿನೈದು ನಿಮಿಷ ಬಿಟ್ಟು, ಮೂರು ಚುಕ್ಕಿಗಳ ಕೆಳಗಿನ ಆ ಮಸುಕಿಗೆ ಬೈನಾಕ್ಯುಲರ್ ಹಿಡಿಯಿರಿ. ಕೆಂಪು ಕಾಣಲಿಲ್ಲವೆಂದು ಬೇಸರ ಬೇಡ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಅದು ಬೂದು ಬಣ್ಣವಾಗಿಯೇ ತೋರುತ್ತದೆ. ಮನೆಯ ಮಕ್ಕಳಿಗೂ ತೋರಿಸಿ.