ಅರಮನೆಯ ಅಂಗಳಕ್ಕೊಂದು ಗಾಜಿನ ಬಾಗಿಲು

ಪ್ಯಾರಿಸ್ಸಿನ ಲೂವ್ರ್ ಎಂದರೆ ಈಗ ಮೊನಾಲಿಸಾಳ ಜೊತೆಗೆ ಗಾಜಿನ ಪಿರಮಿಡ್ಡೂ ಕಣ್ಣ ಮುಂದೆ ಬರುತ್ತದೆ. ಆದರೆ ನಾಲ್ಕು ದಶಕಗಳ ಹಿಂದೆ ಅದರ ನಕ್ಷೆ ಹೊರಬಿದ್ದಾಗ ಪ್ಯಾರಿಸ್ ಕೆಂಡವಾಗಿತ್ತು. ರಾಜರು ಬಾಳಿದ ಅರಮನೆಯ ನಟ್ಟನಡುವೆ ಈಜಿಪ್ಟಿನ ಗೋರಿಯ ಆಕಾರವೇ ಎಂದು ಜನ ಸಿಡಿಮಿಡಿಗೊಂಡಿದ್ದರು.

ಲೂವ್ರ್ ಮೊದಲು 12ನೇ ಶತಮಾನದ ಕೋಟೆ, ಆಮೇಲೆ ಅರಮನೆ. ವಸ್ತುಸಂಗ್ರಹಾಲಯವಾಗಿ ಅದು ತೆರೆದದ್ದು 1793ರಲ್ಲಿ. ಸಾವಿರಾರು ಜನ ಬಂದುಹೋಗಲೆಂದು ಕಟ್ಟಿದ್ದಲ್ಲವಾದ್ದರಿಂದ ತಕ್ಕ ಹೆಬ್ಬಾಗಿಲಿರಲಿಲ್ಲ, ಉಗ್ರಾಣಕ್ಕೂ ಜಾಗ ಸಾಲುತ್ತಿರಲಿಲ್ಲ. ಸಾಲದ್ದಕ್ಕೆ ರಿಶಲ್ಯೂ ಪಾರ್ಶ್ವದಲ್ಲಿ ಹಣಕಾಸು ಸಚಿವಾಲಯ ಠಿಕಾಣಿ ಹೂಡಿತ್ತು.

1983ರಲ್ಲಿ ಅಧ್ಯಕ್ಷ ಮಿತ್ತರಾಂ ಈ ತೊಡಕನ್ನು ಬಿಡಿಸಲು ಚೀನಾ ಮೂಲದ ಅಮೆರಿಕನ್ ವಾಸ್ತುಶಿಲ್ಪಿ ಐ.ಎಂ. ಪೇ ಅವರನ್ನು ಕರೆಸಿದರು. ಅರಮನೆಗೆ ಹೊಸ ಕಟ್ಟಡ ಅಂಟಿಸುವ ಬದಲು ಪೇ ಅಂಗಳವನ್ನೇ ಅಗೆಸಿದರು. ಟಿಕೆಟ್ ಕೌಂಟರು, ಮೂರೂ ಪಾರ್ಶ್ವಗಳಿಗೆ ಹೋಗುವ ದಾರಿ ಎಲ್ಲ ನೆಲದಡಿಗೆ ಇಳಿದವು. ಆ ನೆಲಮಾಳಿಗೆಗೆ ಬೆಳಕು ಬೇಕಿತ್ತು, ಬಾಗಿಲು ದೂರದಿಂದಲೇ ಕಾಣಬೇಕಿತ್ತು. ಅದಕ್ಕಾಗಿ ಎದ್ದದ್ದೇ 21 ಮೀಟರಿಗೂ ಎತ್ತರದ ಪಿರಮಿಡ್.

ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶದಿಂದಾಗಿ ತೆಳು ಹಸಿರು ಛಾಯೆ ಇರುತ್ತದೆ. ಅದರ ಮೂಲಕ ನೋಡಿದರೆ ಅರಮನೆಯ ಹೊಂಬಣ್ಣದ ಕಲ್ಲು ಪಾಚಿಗಟ್ಟಿದಂತೆ ಕಂಡೀತು. ಪೇ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಸೇಂಟ್-ಗೊಬೇನ್ ಕಂಪನಿ ಹಸಿರು ನೀಗಿಸಿದ ಗಾಜನ್ನು ಇದಕ್ಕಾಗಿಯೇ ತಯಾರಿಸಿಕೊಟ್ಟಿತು. ಅಂಥ 673 ಹಾಳೆಗಳನ್ನು ಉಕ್ಕಿನ ಸರಳು, ತಂತಿಗಳ ತೆಳುವಾದ ಜಾಲ ಹೊತ್ತು ನಿಂತಿದೆ.

ವಿರೋಧ ತಣ್ಣಗಾಗದಿದ್ದಾಗ, ಮೇಯರ್ ಜಾಕ್ ಶಿರಾಕ್ ಕೇಳಿದಂತೆ 1985ರಲ್ಲಿ ಅಂಗಳದಲ್ಲೇ ಕೇಬಲ್ ಎಳೆದು ಪಿರಮಿಡ್ಡಿನ ನಿಜ ಗಾತ್ರವನ್ನು ಊರಿಗೆ ತೋರಿಸಲಾಯಿತು. 1989ರಲ್ಲಿ ಪಿರಮಿಡ್ ತೆರೆಯಿತು. ಸಚಿವಾಲಯ ಖಾಲಿ ಮಾಡಿದ ಪಾರ್ಶ್ವ 1993ರಲ್ಲಿ ಕಲಾಕೃತಿಗಳಿಗೆ ದಕ್ಕಿತು. ಬೈಗುಳ ಮೆಲ್ಲಗೆ ಅಭಿಮಾನವಾಗಿ ತಿರುಗಿತು.

ಈಗಿನ ತಕರಾರೇ ಬೇರೆ. ವರ್ಷಕ್ಕೆ 40 ಲಕ್ಷದಷ್ಟು ಜನರ ಅಂದಾಜಿನಲ್ಲಿ ರೂಪಿಸಿದ ಈ ಬಾಗಿಲಿಗೆ 2018ರಲ್ಲಿ ಕೋಟಿಗೂ ಹೆಚ್ಚು ಮಂದಿ ಬಂದರು. ಬಿರುಬಿಸಿಲಿನ ದಿನಗಳಲ್ಲಿ ಗಾಜಿನಡಿ ಸೆಕೆ, ಯಾವಾಗಲೂ ಗದ್ದಲ. ಹಾಗಾಗಿ ಪೂರ್ವದ ಕಡೆ ಇನ್ನೊಂದು ಪ್ರವೇಶದ್ವಾರ ಮಾಡುವ ಯೋಜನೆಯನ್ನು ಅಧ್ಯಕ್ಷ ಮ್ಯಾಕ್ರಾನ್ 2025ರ ಜನವರಿಯಲ್ಲಿ ಪ್ರಕಟಿಸಿದರು.

ಅಂದು ಜಗಳವೆಲ್ಲ ಪಿರಮಿಡ್ಡಿನ ಚೆಂದದ ಸುತ್ತ ನಡೆಯಿತು. ಆ ಪರೀಕ್ಷೆಯಲ್ಲಿ ಅದು ಗೆದ್ದಿತು, ಜನರ ಲೆಕ್ಕದಲ್ಲಿ ಸೋತಿತು. ಹಳೆಯ ಕಟ್ಟಡಕ್ಕೆ ಹೊಸದನ್ನು ಸೇರಿಸಲು ಹೊರಟವರು ಅದು ಹೇಗೆ ಕಾಣುತ್ತದೆ ಎಂದು ಕೇಳುವಷ್ಟೇ ಗಟ್ಟಿಯಾಗಿ, ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂದೂ ಕೇಳಬೇಕು.