ದಂಪತಿಗಳ ಕಡಲಯಾನ

ಯಾವಗಲ್ಲಿನಂಥ ಎರೆಭೂಮಿಯ ಊರುಗಳಲ್ಲಿ ಲಗ್ನಗಳು ಹೆಚ್ಚಾಗಿ ಬೇಸಿಗೆಯಲ್ಲಿ ನೆರವೇರುತ್ತವೆ. ಆದ್ದರಿಂದ ಮದುವೆಯ ವಾರ್ಷಿಕೋತ್ಸವವೂ ಹೆಸರು ಬಿತ್ತನೆಗೆ ಹೊಲ ಹಸನುಗೊಳಿಸುವ ದಿನಗಳಲ್ಲಿಯೇ ಬರುತ್ತದೆ. 2021ರಲ್ಲಿ ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳತ್ತ ವಿಹಾರನೌಕೆ ಹೊರಡತೊಡಗಿದ ಮೇಲೆ, ಪಟ್ಟಣ ಸೇರಿದ ಮಕ್ಕಳು ತಂದೆತಾಯಿಗಳನ್ನು ಅದರಲ್ಲಿ ಕಳುಹಿಸಬಯಸುವುದುಂಟು. ಜೂನ್ ತಿಂಗಳಿನಿಂದ ಅರಬ್ಬೀ ಸಮುದ್ರ ಪ್ರಕ್ಷುಬ್ಧ. ಕಡಲೆ, ಬಿಳಿಜೋಳದ ಸುಗ್ಗಿ ಮುಗಿದ ಮಾರ್ಚ್ ತಿಂಗಳೇ ಲೇಸು. ತಿಥಿ ತಪ್ಪಿತೆಂಬ ಅಳುಕು ಶರಣರ ಮಕ್ಕಳಿಗೆ ಸಲ್ಲದು.

ಹಡಗಿನಲ್ಲಿ ಪೂಜೆಯ ಗತಿಯೇನೆಂಬುದು ತಾಯಂದಿರ ಮೊದಲ ಪ್ರಶ್ನೆ. ಇಷ್ಟಲಿಂಗ ಅಂಗದ ಮೇಲೆಯೇ ಇರುವಾಗ ಗುಡಿಯ ಹಂಗೆಲ್ಲಿ? ವಿಭೂತಿ, ಪತ್ರೆ ಜೊತೆಗಿದ್ದರೆ ಸಾಕು. ಧೂಪ, ದೀಪ ಹೊತ್ತಿಸಲು ಮಾತ್ರ ಅಲ್ಲಿ ಅವಕಾಶವಿಲ್ಲ.

ವೆಚ್ಚದ ಮಾತು ಬೇರೆ. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಮರಳಿ ಸುರಿದು ಬರಹೇಳಿದವಳು ಲಕ್ಕಮ್ಮ. ಸಾಲ ಮಾಡಿ ಹಡಗೇರುವುದನ್ನು ಆ ತಾಯಿ ಒಪ್ಪಿಯಾಳೆ? ಆದರೆ ಕೈಯಲ್ಲಿ ಉಳಿತಾಯವಿದ್ದೂ, ನಲವತ್ತು ವರ್ಷ ರೊಟ್ಟಿ ಬಡಿದ ಮಡದಿಗೆ ‘ಈ ವಯಸ್ಸಿನಲ್ಲೇಕೆ’ ಎನ್ನುವ ಯಜಮಾನರು ಅದಕ್ಕೆ ಲಕ್ಕಮ್ಮನ ಹೆಸರನ್ನು ಮುಂದಿಡಬಾರದು.

ಅಷ್ಟು ಅನುಕೂಲವಿಲ್ಲದವರಿಗೆ, ರೋಣ ಸೀಮೆಯ ಮಲಪ್ರಭೆಯೇ ಕೃಷ್ಣೆಯನ್ನು ಕೂಡುವ ಕೂಡಲಸಂಗಮವಿದೆ. ಬಸವಣ್ಣನವರ ಐಕ್ಯಸ್ಥಳಕ್ಕೆ ಮೆಟ್ಟಿಲಿಳಿದು ಹೋಗಬೇಕು. ಮಂಡಿನೋವುಳ್ಳವರು ಬಿಸಿಲೇರುವ ಮೊದಲೇ ತಲುಪುವುದೊಳಿತು.